ಬಾಟಲಿಯಲ್ಲೊಂದು ಕೆರೆಯಂಗಳ

ಮಕ್ಕಳೇ, ಮನೆಗೆ ಮೊದಲ ಸಲ ಮೀನು ತಂದವರಲ್ಲಿ ಬಹಳ ಮಂದಿಗೆ ಒಂದು ಒಗಟು ಎದುರಾಗುತ್ತದೆ. ಗಾಜಿನ ತೊಟ್ಟಿ ಹೊಸದು. ನೀರು ಆಗಷ್ಟೇ ಬೋರಿನಿಂದ ಹಿಡಿದದ್ದು, ತೊಟ್ಟಿಯ ಆಚೆ ಇಟ್ಟ ಪುಸ್ತಕದ ಅಕ್ಷರ ಈಚೆಯಿಂದ ಓದಬಹುದು, ಅಷ್ಟು ತಿಳಿ. ಮೀನು ಎರಡು ದಿನ ಚೆನ್ನಾಗಿ ಓಡಾಡುತ್ತದೆ. ಮೂರನೆಯ ದಿನ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗುತ್ತದೆ. ಐದಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಗುಚಿಕೊಂಡು ತೇಲುತ್ತಿರುತ್ತದೆ. ನೀರು ಮಾತ್ರ ಈಗಲೂ ತಿಳಿಯೇ. ಕೊಳೆ ಇಲ್ಲ, ಕೆಟ್ಟ ವಾಸನೆ ಇಲ್ಲ. ಹಾಗಾದರೆ ಮೀನನ್ನು ಕೊಂದದ್ದು ಯಾವುದು?

ಕೊಂದದ್ದು ಅಮೋನಿಯಾ. ಅದಕ್ಕೆ ಬಣ್ಣವಿಲ್ಲ. ನೀರಿನಲ್ಲಿ ಸಕ್ಕರೆಯಷ್ಟೇ ಸಲೀಸಾಗಿ ಕರಗಿರುತ್ತದೆ. ಮೀನು ತಿನ್ನುವ ಆಹಾರದಲ್ಲಿ ಪ್ರೋಟೀನು ಹೆಚ್ಚು, ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಬೇಡವಾದ ಸಾರಜನಕವನ್ನು ನಮ್ಮ ದೇಹ ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮೀನಿಗೆ ಅಷ್ಟು ಕೆಲಸ ಬೇಕಿಲ್ಲ. ಸುತ್ತ ನೀರಿದೆಯಲ್ಲ, ಅಮೋನಿಯಾವನ್ನು ಹಾಗೆಯೇ ಕಿವಿರುಗಳಿಂದ ಬಿಟ್ಟುಬಿಡುತ್ತದೆ. ಹಗಲೂ ರಾತ್ರಿಯೂ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತರೆ ಅಲ್ಲಿಂದಲೂ ಅಮೋನಿಯಾ ಬರುತ್ತದೆ. ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ದಿನದಿಂದ ದಿನಕ್ಕೆ ಏರುತ್ತದೆ, ಕಿವಿರುಗಳನ್ನು ಸುಡುತ್ತದೆ.

ಈಗ ಕೆರೆಯನ್ನು ನೆನೆಸಿಕೊಳ್ಳಿ. ಗುಬ್ಬಿ ತಾಲ್ಲೂಕಿನವರಿಗೆ ಕಡಬದ ಕೆರೆ ಗೊತ್ತು, ಕುಣಿಗಲ್ಲಿನವರಿಗೆ ದೊಡ್ಡಕೆರೆ ಗೊತ್ತು. ಅಲ್ಲಿ ಕಾಟ್ಲಾ, ರೋಹು, ಜಿಲೇಬಿ ಅಂತ ಸಾವಿರಗಟ್ಟಲೆ ಮೀನು. ಎಲ್ಲವೂ ಅಮೋನಿಯಾ ಬಿಡುತ್ತಲೇ ಇರುತ್ತವೆ. ಯಾರೂ ಹೋಗಿ ನೀರು ಬದಲಿಸುವುದಿಲ್ಲ. ಆದರೂ ಮೀನು ಬದುಕಿರುತ್ತವೆ. ಕೆರೆಯಲ್ಲಿ ನೀರು ಬಹಳ, ಅದು ಒಂದು ಕಾರಣ. ಪಾಚಿ ಮತ್ತು ನೀರಗಿಡಗಳು ಒಂದಷ್ಟು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತವೆ, ಅದು ಇನ್ನೊಂದು. ಮೂರನೆಯದು ನಿಮ್ಮ ಕಾಲಿಗೆ ಗೊತ್ತಿರುವ ಕಾರಣ. ಕೆರೆಯ ಸೋಪಾನದ ಮೇಲೆ, ನೀರಿನಲ್ಲಿ ಮುಳುಗಿರುವ ಕಲ್ಲಿನ ಮೇಲೆ ಹೆಜ್ಜೆ ಇಟ್ಟರೆ ಜಾರುತ್ತದಲ್ಲ, ಆ ಲೋಳೆ. ಜೊಂಡಿನ ಕಡ್ಡಿಯ ಮೇಲೂ, ತಳದ ಗೋಡುಮಣ್ಣಿನ ಮೇಲೂ ಅದೇ ಲೋಳೆ ತೆಳ್ಳಗೆ ಹರಡಿರುತ್ತದೆ. ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಗುಂಪಿನವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪಿನವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಸೇರಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಅಷ್ಟು ಕೇಡಿನದಲ್ಲ, ಮೇಲಾಗಿ ಗಿಡಗಳಿಗೆ ಅದು ಗೊಬ್ಬರ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಹೊತ್ತು ತೋಟಕ್ಕೆ ಹಾಕುತ್ತಾರಲ್ಲ, ಆ ಗೋಡಿನ ಸಾರದಲ್ಲಿ ಕೆರೆಯ ಈ ಜೀವಿಗಳ ದುಡಿಮೆಯ ಪಾಲೂ ಇದೆ.

ಮನೆಯಲ್ಲಿ ನಾವು ಮಾಡಬೇಕಾದ ಫಿಲ್ಟರಿನ ಕೆಲಸ ಇದೇ: ಕೆರೆಯಂಗಳದ ಒಂದು ತುಣುಕನ್ನು ತೊಟ್ಟಿಯೊಳಗೆ ಬೆಳೆಸುವುದು. ಕಸ ತಡೆಯುವುದು ಅದರ ಎರಡನೆಯ ಕೆಲಸ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸೋಸುವುದು ಎಂದ ಕೂಡಲೇ ನಾವೆಲ್ಲ ಕಸ ತಡೆಯುವುದನ್ನೇ ನೆನೆಯುತ್ತೇವೆ. ಅದಕ್ಕೊಂದು ಉದಾಹರಣೆ ನೋಡಿ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಸಮೀಪ ಬಿದರೆಹಳ್ಳ ಕಾವಲ್ ಇದೆ. ಅಲ್ಲಿ 615 ಎಕರೆ ಜಾಗದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಸುತ್ತಲಿನ ಊರುಗಳ ಮಕ್ಕಳು ಈ ಸಂಗತಿ ತಿಳಿದುಕೊಂಡಿರಬೇಕು: ಹೆಲಿಕಾಪ್ಟರ್ ನೆಲದ ಹತ್ತಿರ ಬಂದಾಗ ಅದರ ರೆಕ್ಕೆಗಳ ಗಾಳಿಗೆ ಧೂಳು ಮೋಡದಂತೆ ಏಳುತ್ತದೆ. ಆ ಧೂಳು ಎಂಜಿನ್ನಿನೊಳಗೆ ಹೊಕ್ಕರೆ ಒಳಗೆ ಜೋರಾಗಿ ತಿರುಗುವ ಅಲಗುಗಳನ್ನು ಸವೆಸುತ್ತದೆ. ಅದಕ್ಕೇ ಹಲವು ಹೆಲಿಕಾಪ್ಟರುಗಳಲ್ಲಿ ಗಾಳಿ ಒಳಹೋಗುವ ಬಾಯಿಗೆ ಧೂಳು ತಡೆಯುವ ಫಿಲ್ಟರ್ ಇರುತ್ತದೆ. ಅದು ಎಷ್ಟು ಚೊಕ್ಕಟವಾಗಿದ್ದರೆ ಅಷ್ಟು ಒಳ್ಳೆಯದು. ಮೀನಿನ ತೊಟ್ಟಿಯ ಫಿಲ್ಟರ್ ಹಾಗಲ್ಲ. ಅದನ್ನು ಸೋಪು ಹಾಕಿ ಉಜ್ಜಿ ಫಳಫಳ ಮಾಡಿದಿರೋ, ಅಂದಿಗೇ ಅದು ಕೆಟ್ಟಂತೆ.

ಈ ಸಂಗತಿಯನ್ನು ಜನ ಕಂಡುಕೊಂಡ ಕಥೆ ನನಗೆ ಬಹಳ ಇಷ್ಟ. ಅದರಲ್ಲಿ ಒಬ್ಬ ತಂದೆ, ಒಬ್ಬ ಮಗ ಇದ್ದಾರೆ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್‌ಟನ್. ತಂದೆ ಲಂಡನ್ನಿನಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಅವರು ಸುಮಾರು 55 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿಕ್ಕ ಗೋಲ್ಡ್‌ಫಿಶ್ ಬಿಟ್ಟು, ಉದ್ದ ಎಲೆಯ ವ್ಯಾಲಿಸ್ನೇರಿಯಾ ಎಂಬ ನೀರಗಿಡ ನೆಟ್ಟರು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ತೆಗೆದುಕೊಳ್ಳುತ್ತದೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ ಸಿಗುತ್ತದೆ ಎಂಬ ಲೆಕ್ಕ. ಆದರೆ ಎಲೆ ಕೊಳೆತು ನೀರು ಕದಡಿತು. ಆಗ ಅವರು ನೀರಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತ ಎಲೆಯನ್ನು ತಿಂದು ಮುಗಿಸಿದವು, ನೀರು ತಿಳಿಯಾಯಿತು. ಇದನ್ನು ಅವರು 1850ರಲ್ಲಿ ಪ್ರಕಟಿಸಿದರು. ಮನೆಯೊಳಗೆ ಮೀನು ಸಾಕುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಬ್ಬಿದ್ದು ಅಲ್ಲಿಂದೀಚೆಗೆ. ಮೂರೇ ವರ್ಷದಲ್ಲಿ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು.

ಆದರೆ ಅಮೋನಿಯಾ ಏನಾಗುತ್ತದೆ ಎನ್ನುವುದು ತಂದೆಯ ಕಾಲದಲ್ಲಿ ಗೊತ್ತಿರಲಿಲ್ಲ. ಅದರ ಸುಳಿವು ಸಿಕ್ಕಿದ್ದು ಪ್ಯಾರಿಸ್ಸಿನ ಚರಂಡಿ ನೀರಿನಲ್ಲಿ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ತೊಟ್ಟುತೊಟ್ಟಾಗಿ ಬಿಟ್ಟರು. ಕೆಳಗೆ ಬಂದ ನೀರನ್ನು ಪರೀಕ್ಷಿಸುತ್ತಾ ಹೋದರು. ಸುಮಾರು 20 ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಕೆಳಗೂ ಅಮೋನಿಯಾವಾಗಿಯೇ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ದಿನೇ ದಿನೇ ಹೆಚ್ಚಿತು, ಕೊನೆಗೆ ಅಮೋನಿಯಾವೇ ಇಲ್ಲವಾಯಿತು. ಇದು ಬರೀ ಮರಳಿನ ಕೆಲಸವಾಗಿದ್ದರೆ ಮೊದಲ ದಿನದಿಂದಲೇ ಆಗಬೇಕಿತ್ತಲ್ಲ? ಅವರು ಕೊಳವೆಯೊಳಕ್ಕೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ಕೆಲಸ ನಿಂತುಹೋಯಿತು. ಆವಿಯನ್ನು ತೆಗೆದು, ತೋಟದ ಮಣ್ಣು ಕಲಸಿದ ನೀರನ್ನು ಸ್ವಲ್ಪ ಹಾಕಿದರು. ಕೆಲಸ ಮತ್ತೆ ಶುರುವಾಯಿತು. ಕ್ಲೋರೋಫಾರ್ಮಿಗೆ ಸಾಯುವಂಥದ್ದು, ಮಣ್ಣಿನಿಂದ ಮರಳಿ ಬರುವಂಥದ್ದು ಎಂದರೆ ಅದು ಜೀವಿಯೇ ಇರಬೇಕು. ಎಷ್ಟು ಸರಳವಾದ ಪ್ರಯೋಗ, ಎಷ್ಟು ದೊಡ್ಡ ಮಾತು ಹೇಳಿತು ನೋಡಿ.

ಈ ಹಾದಿಯನ್ನು ಮುಂದೆ ಹಿಡಿದವರೇ ಮಗ ವಾರಿಂಗ್‌ಟನ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಇದು ಎರಡು ಹಂತದ ಕೆಲಸ, ಎರಡು ಬೇರೆ ಬೇರೆ ಜೀವಿಗಳು ಮಾಡುತ್ತವೆ ಎಂದು ತೋರಿಸಿದರು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಲು ಮಾತ್ರ ಅವರಿಂದ ಆಗಲಿಲ್ಲ. ಅದನ್ನು 1890ರ ಸುಮಾರಿಗೆ ಜ್ಯೂರಿಚ್‌ನಲ್ಲಿದ್ದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಸಾಧಿಸಿದರು. ಕಥೆ ಅಲ್ಲಿಗೂ ನಿಂತಿಲ್ಲ. ಎರಡೂ ಹಂತವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು 2015ರಲ್ಲಿ ಗೊತ್ತಾಯಿತು. ಅದನ್ನು ಕಂಡುಕೊಂಡ ಎರಡು ತಂಡಗಳಲ್ಲಿ ನೆದರ್ಲೆಂಡ್ಸಿನ ತಂಡಕ್ಕೆ ಅದು ಸಿಕ್ಕಿದ್ದು ಎಲ್ಲಿ ಗೊತ್ತೇ? ಮೀನು ಸಾಕುವ ತೊಟ್ಟಿಯ ಫಿಲ್ಟರಿನಲ್ಲಿ!

ಇನ್ನು ಕೈಕೆಲಸಕ್ಕೆ ಬರೋಣ. ಬೇಕಾದ ಸಾಮಾನು ಇಷ್ಟು: ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಕರೆಂಟು ವೈರಿಂಗಿಗೆ ಬಳಸುವ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪು, ಅದರ ತುದಿಗೆ ಒಂದು ಎಲ್ಬೋ, ಒಂದು ಬೊಗಸೆ ಜಲ್ಲಿ, ಸ್ಪಂಜು, ತೆಳ್ಳನೆಯ ಗಾಳಿಟ್ಯೂಬು, ಮೀನಿನ ಅಂಗಡಿಯಲ್ಲಿ ಸಿಗುವ ಚಿಕ್ಕ ಏರ್ ಪಂಪು. ದುಡ್ಡು ಹೆಚ್ಚು ಬೀಳುವುದು ಪಂಪಿಗೆ ಮಾತ್ರ. ಸ್ಪಂಜು ಪಾತ್ರೆ ಉಜ್ಜುವುದಾಗಿರಬಾರದು. ಅವುಗಳಲ್ಲಿ ಕೆಲವಕ್ಕೆ ಸೋಪು ಅಥವಾ ಕ್ರಿಮಿನಾಶಕ ಸೇರಿಸಿರುತ್ತಾರೆ. ಮೀನಿನ ಅಂಗಡಿಯ ಕರಿ ಸ್ಪಂಜು ಒಳ್ಳೆಯದು. ಜಲ್ಲಿ ನಮ್ಮ ಕಡೆಯ ಬಿಳಿಗಲ್ಲಿನದೋ ಕರಿಗಲ್ಲಿನದೋ ಇರಲಿ, ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರುಗು ಬಂದರೆ ಅದರಲ್ಲಿ ಸುಣ್ಣವಿದೆ, ಬೇರೆ ಕಲ್ಲು ಆರಿಸಿ.

ಬಾಟಲಿಯ ಮೇಲಿನ ಅರ್ಧ ಭಾಗದ ಸುತ್ತ ತೂತು ಮಾಡಬೇಕು. ಮೊಳೆ ಕಾಯಿಸಿ ಚುಚ್ಚುವ ಈ ಕೆಲಸವನ್ನು ಅಪ್ಪನೋ ಅಕ್ಕನೋ ಮನೆಯ ಹೊರಗೆ ಮಾಡಲಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ತೂತು ಚಿಕ್ಕದಿರಲಿ, ದೊಡ್ಡದಾದರೆ ಮೀನಿನ ಮರಿ ಒಳಗೆ ಸೇರಿಕೊಳ್ಳುತ್ತದೆ. ಬಾಟಲಿಯ ಮುಚ್ಚಳದಲ್ಲಿ ಪೈಪು ಬಿಗಿಯಾಗಿ ಕೂರುವಷ್ಟು ಒಂದು ತೂತು. ಪೈಪಿನ ಕೆಳತುದಿಯಲ್ಲಿ ಗರಗಸದಿಂದ ನಾಲ್ಕು ಸೀಳು ಹಾಕಿ. ಮೇಲಿನ ತುದಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ತುಸುವೇ ಮೇಲೆ ಬರುವಂತೆ ಅಳತೆ ಮಾಡಿ ಕತ್ತರಿಸಿ. ಈಗ ಬಾಟಲಿಯನ್ನು ನಡುವಿಗೆ ಕೊಯ್ದು, ಪೈಪನ್ನು ಮಧ್ಯೆ ನಿಲ್ಲಿಸಿ, ತಳದಲ್ಲಿ ಜಲ್ಲಿ ಹಾಕಿ. ಭಾರಕ್ಕೆ ಬಾಟಲಿ ತೇಲದೆ ಕೂರುತ್ತದೆ. ಜಲ್ಲಿಯ ಮೇಲೆ ಸ್ಪಂಜಿನ ತುಂಡುಗಳನ್ನು ಸಡಿಲವಾಗಿ ತುಂಬಿ, ಬಾಟಲಿಯ ಮೇಲರ್ಧವನ್ನು ಪೈಪಿನ ಮೇಲಿಂದ ಇಳಿಸಿ ಕೆಳಗಿನರ್ಧಕ್ಕೆ ಸಿಕ್ಕಿಸಿ. ಸ್ಪಂಜನ್ನು ಒತ್ತಿ ಗಿಡಿದು ತುಂಬಬೇಡಿ. ನೀರು ಹಾಯಲು ದಾರಿ ಇರಬೇಕು, ನೀರಿನ ಜೊತೆ ಬರುವ ಆಮ್ಲಜನಕ ಒಳಗಿನ ಬ್ಯಾಕ್ಟೀರಿಯಾಗಳಿಗೆ ಬೇಕು. ಕೊನೆಗೆ ಪೈಪಿನ ಮೇಲ್ತುದಿಗೆ ಎಲ್ಬೋ ಸಿಕ್ಕಿಸಿ, ಗಾಳಿಟ್ಯೂಬನ್ನು ಪೈಪಿನೊಳಗೆ ತಳದ ಹತ್ತಿರದವರೆಗೆ ಇಳಿಬಿಟ್ಟು, ಬಾಟಲಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಓರೆ ಮಾಡಿ ಒಳಗಿನ ಗಾಳಿ ಬಿಟ್ಟು, ನೆಟ್ಟಗೆ ನಿಲ್ಲಿಸಿ.

ಪಂಪು ಹಾಕಿ ನೋಡಿ. ಪೈಪಿನೊಳಗೆ ಗುಳ್ಳೆಗಳು ಏಳುತ್ತವೆ. ಗುಳ್ಳೆ, ನೀರು, ಗುಳ್ಳೆ, ನೀರು ಎಂದು ಒಂದರ ಬೆನ್ನಿಗೆ ಒಂದು ಹತ್ತಿ, ಎಲ್ಬೋದ ಬಾಯಿಂದ ಬುಳುಕ್ ಬುಳುಕ್ ಎಂದು ನೀರು ಬೀಳುತ್ತದೆ. ಪಂಪು ನೀರನ್ನು ಮುಟ್ಟೇ ಇಲ್ಲ, ಕಳಿಸಿದ್ದು ಬರೀ ಗಾಳಿ. ನೀರು ಮೇಲೆ ಬಂದದ್ದು ಹೇಗೆ? ಪೈಪಿನೊಳಗೆ ನೀರು ಮತ್ತು ಗುಳ್ಳೆ ಬೆರೆತಿವೆ, ಆದ್ದರಿಂದ ಅದು ಹಗುರ. ಹೊರಗೆ ಬರೀ ನೀರು, ಅದು ಭಾರ. ಹೊರಗಿನ ಭಾರದ ನೀರು ಬಾಟಲಿಯ ತೂತುಗಳಿಂದ ನುಗ್ಗಿ, ಸ್ಪಂಜು, ಜಲ್ಲಿ ದಾಟಿ, ಪೈಪಿನ ಸೀಳುಗಳಿಂದ ಒಳಹೊಕ್ಕು, ಹಗುರವಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ತೋಟದಲ್ಲಿ ಬೋರಿಗೆ ಕಂಪ್ರೆಸರ್ ಹಾಕಿದ್ದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಒಂದು ಪೈಪಿನಲ್ಲಿ ಗಾಳಿ ಇಳಿಯುತ್ತದೆ, ಇನ್ನೊಂದರಲ್ಲಿ ನೀರು ಕೆಮ್ಮಿ ಕೆಮ್ಮಿ ಬರುತ್ತದೆ. ನಿಮ್ಮ ಬಾಟಲಿಯಲ್ಲಿ ನಡೆಯುವುದು ಅದೇ.

ಎಲ್ಬೋದ ಕೆಳಗೆ 200 ಮಿಲಿಲೀಟರಿನ ಲೋಟ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸಿ. ತೊಟ್ಟಿಯ ನೀರು ಗಂಟೆಗೆ ಮೂರರಿಂದ ಐದು ಸಲ ಫಿಲ್ಟರಿನಲ್ಲಿ ಹಾಯ್ದು ಬಂದರೆ ಸಾಕು. ತೊಟ್ಟಿ 20 ಲೀಟರಿನದಾದರೆ ಗಂಟೆಗೆ 60ರಿಂದ 100 ಲೀಟರ್. ಲೋಟ 7ರಿಂದ 12 ಸೆಕೆಂಡಿನಲ್ಲಿ ತುಂಬಬೇಕು. ಲೆಕ್ಕ ಸರಿಯೇ ಎಂದು ನೀವೇ ಮಾಡಿ ನೋಡಿ.

ಒಂದು ಎಚ್ಚರಿಕೆ. ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ, ಗೂಡಿನಲ್ಲೋ ಅಲಮಾರಿನ ಮೇಲೋ ಇಡಿ. ಕೆಳಗಿಟ್ಟರೆ, ಕರೆಂಟು ಹೋದಾಗ ನೀರು ಗಾಳಿಟ್ಯೂಬಿನಲ್ಲಿ ಹಿಂದಕ್ಕೆ ಏರಿ, ತೊಟ್ಟಿಯ ಅಂಚು ದಾಟಿ, ಪಂಪಿಗೆ ಇಳಿಯಬಹುದು. ಇದಕ್ಕೆ ಸೈಫನ್ ಎನ್ನುತ್ತಾರೆ. ಒಮ್ಮೆ ಶುರುವಾದರೆ ತೊಟ್ಟಿಯ ನೀರೂ ಖಾಲಿ, ಪಂಪೂ ಹಾಳು, ಮೇಲಾಗಿ ಕರೆಂಟಿನ ಅಪಾಯ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದರೆ ಇದೇ ಸೈಫನ್ ದೊಡ್ಡ ಉಪಕಾರ ಮಾಡುವುದನ್ನು ಕಾಣಬಹುದು. ನೀರು ಒಂದು ಮಟ್ಟ ಮೀರಿದರೆ ಅಲ್ಲಿನ ಸೈಫನ್‌ಗಳು ತಾವಾಗಿ ಶುರುವಾಗಿ ಹೆಚ್ಚಿನ ನೀರನ್ನು ಹೊರಕ್ಕೆ ಕಳಿಸುತ್ತವೆ. ಯಾರೂ ಗೇಟು ಎತ್ತಬೇಕಿಲ್ಲ. ಪಂಪಿನ ವೈರನ್ನು ಸ್ವಿಚ್ಚಿಗೆ ಸಿಕ್ಕಿಸುವುದು ಮಾತ್ರ ದೊಡ್ಡವರ ಕೆಲಸ, ಒದ್ದೆ ಕೈಯಲ್ಲಿ ಯಾರೂ ಮುಟ್ಟಕೂಡದು.

ತೆಂಗಿನ ಸೀಮೆಯ ಮಕ್ಕಳು ಕೇಳಿಯೇ ಕೇಳುತ್ತೀರಿ: ಸ್ಪಂಜಿನ ಬದಲು ತೆಂಗಿನ ನಾರು ಹಾಕಬಹುದೇ? ಹಾಕಬಹುದು, ಆದರೆ ನಾನು ಹಾಕಿ ಎನ್ನುವುದಿಲ್ಲ. ನಾರಿನಿಂದ ಟ್ಯಾನಿನ್ ಎಂಬ ಪದಾರ್ಥ ಬಿಟ್ಟು ನೀರು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಅದೂ ಹೋಗಲಿ ಎಂದರೆ, ನಾರು ನಿಧಾನವಾಗಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ತೆಂಗಿನ ಚಿಪ್ಪಿನ ಮಾತು ಬೇರೆ. ಚಿಪ್ಪನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಅದನ್ನು ಕಾರ್ಖಾನೆಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸಿ ಸಿದ್ಧ ಮಾಡಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಅಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು! ನೀರಿನ ಬಣ್ಣ, ವಾಸನೆ ಆ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಒಲೆಯ ಇದ್ದಿಲಿಗೆ ಅಷ್ಟು ಶಕ್ತಿ ಇಲ್ಲ. ಅಮೋನಿಯಾವನ್ನಂತೂ ಯಾವ ಇದ್ದಿಲೂ ಹೆಚ್ಚು ಹಿಡಿಯುವುದಿಲ್ಲ. ಹಾಗಾಗಿ ನಿಮ್ಮ ಬಾಟಲಿಗೆ ಇದ್ದಿಲು ಇಲ್ಲದಿದ್ದರೂ ನಡೆಯುತ್ತದೆ, ಸ್ಪಂಜು ಇಲ್ಲದೆ ನಡೆಯುವುದಿಲ್ಲ.

ಫಿಲ್ಟರ್ ಸಿದ್ಧವಾಯಿತು, ಮೀನು ಬಿಡೋಣವೇ? ತಾಳಿ. ಪ್ಯಾರಿಸ್ಸಿನ ಕೊಳವೆಯಲ್ಲಿ ಮೊದಲ 20 ದಿನ ಏನೂ ಆಗಲಿಲ್ಲವಲ್ಲ, ಅದನ್ನು ಮರೆಯಬೇಡಿ. ಅನೇಕ ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಅಮೋನಿಯಾ ತಿನ್ನುವವು ನಿಧಾನಸ್ಥರು. ಒಂದು ಎರಡಾಗಲು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೊಸ ಫಿಲ್ಟರ್ ಪಳಗಲು ನಾಲ್ಕರಿಂದ ಆರು ವಾರ ಹಿಡಿಯುವುದು ಅದಕ್ಕೇ. ಇದಕ್ಕೆ ಒಂದು ಅಡ್ಡದಾರಿ ಇದೆ. ಹಾಲಿಗೆ ಹಳೆಯ ಮೊಸರಿನ ಹೆಪ್ಪು ಹಾಕುತ್ತೇವಲ್ಲ, ಹಾಗೆ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯವರನ್ನು ಕೇಳಿ, ಅವರ ಫಿಲ್ಟರಿನ ಒಂದು ತುಂಡು ಹಳೆಯ ಸ್ಪಂಜು ತಂದು ನಿಮ್ಮ ಬಾಟಲಿಗೆ ಸೇರಿಸಿ. ಅವರ ಮೀನಿಗೆ ರೋಗವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ತರುವ ದಾರಿಯಲ್ಲಿ ಸ್ಪಂಜು ಒಣಗಬಾರದು, ಅದೇ ತೊಟ್ಟಿಯ ನೀರಿನಲ್ಲಿ ನೆನೆದೇ ಇರಲಿ. ಹೆಪ್ಪು ಸಿಗದಿದ್ದರೆ ಎರಡೇ ಮೀನು ಬಿಟ್ಟು, ಚಿಟಿಕೆಗಿಂತ ಕಡಿಮೆ ಆಹಾರ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಾ ಕಾಯಿರಿ. ಅಮೋನಿಯಾ ಅಳೆಯುವ ಹನಿಗಳ ಕಿಟ್ಟು ಮೀನಿನ ಅಂಗಡಿಗಳಲ್ಲಿ ಸಿಗುತ್ತದೆ. ಶಾಲೆಗೊಂದು ತರಿಸಿಕೊಂಡರೆ ಹತ್ತು ಮನೆಯ ತೊಟ್ಟಿ ಪರೀಕ್ಷಿಸಬಹುದು. ದಿನವೂ ಅಳೆದು ಬರೆದಿಟ್ಟರೆ, ಅಮೋನಿಯಾ ಏರಿ ಇಳಿಯುವುದು, ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರಿ ಇಳಿಯುವುದು, ಕೊನೆಗೆ ನೈಟ್ರೇಟ್ ಏರುವುದು ನಿಮ್ಮ ಪುಸ್ತಕದಲ್ಲೇ ಕಾಣುತ್ತದೆ.

ನಮ್ಮ ನೀರಿನ ಬಗ್ಗೆ ಎರಡು ಮಾತು ಬೇರೆಯಾಗಿಯೇ ಹೇಳಬೇಕು. ತುಮಕೂರು ಸೀಮೆಯ ಬೋರಿನ ನೀರು ಹೆಚ್ಚಿನ ಕಡೆ ಗಡಸು. ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ಇಂಥ ನೀರು ಸಾಮಾನ್ಯವಾಗಿ ತುಸು ಕ್ಷಾರೀಯ. ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಇದು ಹಿತವೇ. ಆದರೆ ಕ್ಷಾರ ಹೆಚ್ಚಾದಷ್ಟೂ ಅಮೋನಿಯಾದ ವಿಷ ಹೆಚ್ಚು. ನೀರು ಎಷ್ಟು ಕ್ಷಾರೀಯ ಎಂದು ತಿಳಿಸುವ ಅಳತೆಯಾದ ಪಿಹೆಚ್ 7 ಇದ್ದಾಗ ಅಮೋನಿಯಾದ ನೂರು ಪಾಲಿನಲ್ಲಿ ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಹೆಚ್ 8 ಆದರೆ ನೂರಕ್ಕೆ ಐದು, ಅಂದರೆ ಸುಮಾರು ಹತ್ತು ಪಟ್ಟು. ಅದಕ್ಕೇ ನಮ್ಮ ಕಡೆ ಫಿಲ್ಟರ್ ಪಳಗುವ ಮೊದಲೇ ಮೀನು ತುಂಬುವುದು ಇನ್ನೂ ಕೆಟ್ಟದ್ದು. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಇರಬಹುದು. ಅಗಲವಾದ ಬಕೆಟಿನಲ್ಲಿ ಒಂದು ದಿನ ಇಟ್ಟು ಆಮೇಲೆ ಬಳಸಿ. ತುಮಕೂರು ನಗರದ ಮಕ್ಕಳಿಗೂ ಇದೇ ಮಾತು, ಕಾರಣ ಮಾತ್ರ ಬೇರೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನಮ್ಮನ್ನು ರೋಗಾಣುವಿನಿಂದ ಕಾಯುವ ಅದೇ ಕ್ಲೋರಿನ್ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರನ್ನೇ ತುಂಬಿದರೆ ಹೇಗೆ? ಬೇಡ. ಆ ನೀರಿನಿಂದ ಲವಣಗಳನ್ನು ಬಹುಪಾಲು ತೆಗೆದಿರುತ್ತಾರೆ, ಮೀನಿಗೂ ಬ್ಯಾಕ್ಟೀರಿಯಾಗೂ ಸ್ವಲ್ಪ ಲವಣ ಬೇಕು. ಹಾಗೆಯೇ, ನಿಮ್ಮ ಬಾಟಲಿ ಫಿಲ್ಟರಿನಿಂದ ಬಂದ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯುವುದಕ್ಕಲ್ಲ. ಫ್ಲೋರೈಡನ್ನೂ ಅದು ತೆಗೆಯುವುದಿಲ್ಲ, ರೋಗಾಣುವನ್ನೂ ತೆಗೆಯುವುದಿಲ್ಲ.

ಯಾವ ಮೀನು ಬಿಡಬೇಕು? ನನ್ನ ಆಯ್ಕೆ ಗಪ್ಪಿ. ಗಡಸು ನೀರು ಅದಕ್ಕೆ ಒಗ್ಗುತ್ತದೆ, ಮೈ ಚಿಕ್ಕದು, ಬಿಡುವ ಅಮೋನಿಯಾವೂ ಕಡಿಮೆ. ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ಬಿಡುವ ಮೀನುಗಳಲ್ಲಿ ಇದೂ ಒಂದು. 20 ಲೀಟರಿಗೆ ಐದಾರು ಸಾಕು. ಗೋಲ್ಡ್‌ಫಿಶ್ ನೋಡಲು ಚೆಂದ, ಆದರೆ ಅದು ದೊಡ್ಡದಾಗುತ್ತದೆ, ಬಹಳ ತಿನ್ನುತ್ತದೆ. ಈ ಬಾಟಲಿ ಅದಕ್ಕೆ ಸಾಲದು. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುತ್ತದೆ, ತಿಂಗಳಿಗೊಮ್ಮೆ ಹಾಕುತ್ತಲೇ ಇರುತ್ತದೆ. ಮರಿ ಹೆಚ್ಚಾಯಿತೆಂದು ಕೆರೆಗೆ ಬಿಡಲು ಹೋಗಬೇಡಿ. ಅದು ದಕ್ಷಿಣ ಅಮೆರಿಕದಿಂದ ಬಂದ ಮೀನು, ನಮ್ಮ ಕೆರೆಯ ಚಿಕ್ಕ ಮೀನುಗಳ ಊಟ, ಜಾಗ ಕಸಿಯುತ್ತದೆ. ಗೆಳೆಯರಿಗೆ ಹಂಚಿ, ಜೊತೆಗೊಂದು ತುಂಡು ಹಳೆಯ ಸ್ಪಂಜನ್ನೂ ಕೊಡಿ.

ತಿಂಗಳೊಪ್ಪತ್ತಿನಲ್ಲಿ ಸ್ಪಂಜು ಕಂದಾಗಿ, ಎಲ್ಬೋದಿಂದ ಬೀಳುವ ನೀರು ಕಡಿಮೆಯಾಗುತ್ತದೆ. ಆಗ ಸ್ವಿಚ್ಚು ಆರಿಸಿ, ತೊಟ್ಟಿಯ ನೀರನ್ನೇ ಬಕೆಟಿಗೆ ತೆಗೆದುಕೊಂಡು, ಅದರಲ್ಲಿ ಸ್ಪಂಜನ್ನು ಎರಡು ಸಲ ಮೆಲ್ಲಗೆ ಹಿಂಡಿ ವಾಪಸು ಇಡಿ. ಒಂದು ಸಲಕ್ಕೆ ಅರ್ಧದಷ್ಟು ಸ್ಪಂಜು ಮಾತ್ರ, ಉಳಿದರ್ಧ ಮುಂದಿನ ಸಲ. ನಲ್ಲಿಯ ಕೆಳಗೆ ಹಿಡಿಯುವುದು, ಸೋಪು ಹಾಕುವುದು, ಬಿಸಿಲಿಗೆ ಒಣಗಿಸುವುದು ಯಾವುದೂ ಬೇಡ. ಸ್ಪಂಜಿನ ಕಂದು ಬಣ್ಣ ಕಂಡು ಅಮ್ಮ ಗಲೀಜು ಎಂದರೆ, ಇದರಲ್ಲೇ ಮೀನಿನ ಪ್ರಾಣ ಇದೆ ಎಂದು ತಿಳಿಸಿ ಹೇಳಿ. ಹಿಂಡಿದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯಿರಿ. ಬ್ಯಾಕ್ಟೀರಿಯಾಗಳು ಮಾಡಿಟ್ಟ ನೈಟ್ರೇಟ್ ಅದರಲ್ಲಿದೆ. ಫಿಲ್ಟರ್ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆಯೇ ಹೊರತು ನೈಟ್ರೇಟನ್ನು ತೊಟ್ಟಿಯಿಂದ ಹೊರಗೆ ಹಾಕುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು. ತೊಟ್ಟಿಯಲ್ಲಿ ಒಂದೆರಡು ನೀರಗಿಡ ಇದ್ದರೆ ಅವೂ ಒಂದಷ್ಟು ಹೀರಿಕೊಳ್ಳುತ್ತವೆ, ವಾರಿಂಗ್‌ಟನ್ ತಂದೆಯ ಪಾತ್ರೆಯಲ್ಲಿದ್ದ ವ್ಯಾಲಿಸ್ನೇರಿಯಾ ಮೀನಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಕರೆಂಟು ಹೋದರೆ? ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. ಹೆಚ್ಚು ಹೊತ್ತು ಹೋದರೆ ಬ್ಯಾಕ್ಟೀರಿಯಾಗಳಿಗೂ ಮೀನಿಗೂ ಆಮ್ಲಜನಕ ಸಾಲದಾಗುತ್ತದೆ. ಒಂದು ಗ್ರಾಂ ಸಾರಜನಕವಿರುವಷ್ಟು ಅಮೋನಿಯಾವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ಬೆಚ್ಚಗಿನ ನೀರಿನ ಲೀಟರೊಂದರಲ್ಲಿ ಕರಗಿರುವುದು ಹೆಚ್ಚೆಂದರೆ ಎಂಟು ಮಿಲಿಗ್ರಾಂ! ಆಗ ಲೋಟದಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದು ಗೇಣು ಮೇಲಿನಿಂದ ಸುರಿಯಿರಿ, ಹತ್ತು ಹದಿನೈದು ಸಲ, ಅರ್ಧ ಗಂಟೆಗೊಮ್ಮೆ. ಕರೆಂಟು ಬರುವ ತನಕ ಆಹಾರ ಹಾಕಬೇಡಿ.

ಇನ್ನೊಂದು, ರಜೆಗೆ ಅಜ್ಜಿಯ ಊರಿಗೆ ಹೋಗುವಾಗಿನ ಮಾತು. ದೊಡ್ಡ ಗಪ್ಪಿಗಳು ನಾಲ್ಕೈದು ದಿನ ಊಟವಿಲ್ಲದೆ ಇರಬಲ್ಲವು, ಫಿಲ್ಟರ್ ಮಾತ್ರ ನಿಲ್ಲಬಾರದು. ಮನೆ ಬೀಗ ಹಾಕುವ ಗಡಿಬಿಡಿಯಲ್ಲಿ ಮೇನ್ ಸ್ವಿಚ್ಚು ಆರಿಸಿಬಿಡುತ್ತಾರೆ, ಮುಂಚೆಯೇ ಹೇಳಿಡಿ. ಅದಕ್ಕಿಂತ ಹೆಚ್ಚು ದಿನ ಹೋಗುವುದಾದರೆ ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋಗಬೇಡಿ, ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ. ಒಂದೊಂದು ಹೊತ್ತಿನದನ್ನು ಕಾಗದದಲ್ಲಿ ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಿ. ಎರಡು ದಿನಕ್ಕೆ ಒಂದು ಪೊಟ್ಟಣ ಸಾಕು.